ಟಿವಿಯೊಳಗಿನ ಬಾಣ

ಭೀಮನಬೀಡಿನ ಬಸವಯ್ಯನ ಮನೆಯಲ್ಲಿ ಇದ್ದದ್ದು ಒಂದೇ ಟಿವಿ. ಸಂಜೆ ಏಳರಿಂದ ಒಂಬತ್ತರವರೆಗೆ ಅದು ಅವನ ಹೆಂಡತಿ ಶಿವಮ್ಮನ ಸ್ವತ್ತು. ಧಾರಾವಾಹಿಯ ಅತ್ತೆ ಸೊಸೆ ಕಿತ್ತಾಡುತ್ತಿದ್ದರೆ ಈ ಮನೆಯ ಅತ್ತೆ ಸೊಸೆ ಪಕ್ಕಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತ ನೋಡುತ್ತಿದ್ದರು. ಅಂಥ ಟಿವಿಗೆ ಜೂನ್ ತಿಂಗಳ ಒಂದು ಭಾನುವಾರ ಮೊಮ್ಮಗಳು ಬಿಂದುಶ್ರೀ ಕಂಪ್ಯೂಟರಿನ ವೈರು ಚುಚ್ಚಿ, "ಅಜ್ಜೀ, ಇನ್ಮೇಲೆ ಇದು ಅಪ್ಪನ ಆಫೀಸು" ಎಂದಾಗ ಶಿವಮ್ಮನ ಮುಖ ಹೇಗಾಗಿರಬೇಡ!

ಅಪ್ಪ ಎಂದರೆ ಸುಧಾಕರ್, ಬಸವಯ್ಯನ ಒಬ್ಬನೇ ಮಗ. ವಯಸ್ಸು ನಲವತ್ತೆರಡು. ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಹದಿನಾಲ್ಕು ವರ್ಷ ಫ್ಲೆಕ್ಸ್ ಡಿಸೈನ್ ಅಂಗಡಿ ನಡೆಸಿದವನು. ಸುತ್ತಮುತ್ತ ಯಾರೇ ಹುಟ್ಟಲಿ, ಮದುವೆಯಾಗಲಿ, ಚುನಾವಣೆಗೆ ನಿಲ್ಲಲಿ, ಸಾಯಲಿ, ಅವರ ಮುಖ ಒಮ್ಮೆ ಸುಧಾಕರನ ಕಂಪ್ಯೂಟರಿನ ಮೇಲೆ ಬಂದುಹೋಗುತ್ತಿತ್ತು. ಫೋಟೋದಿಂದ ಮುಖವನ್ನು ಬಿಡಿಸಿ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಬೇರೆಯವರು ಕತ್ತರಿಸಿದರೆ ಆಸಾಮಿ ಹೆಲ್ಮೆಟ್ ಹಾಕಿಕೊಂಡ ಹಾಗೆ ಕಾಣುತ್ತಿದ್ದ. ಇವನು ಮೌಸು ಹಿಡಿದು ಕಿವಿಯ ಸುತ್ತ, ಕೂದಲ ಅಂಚಿನ ಸುತ್ತ ಒಂದೇ ಉಸಿರಿಗೆ ಗೆರೆ ಎಳೆದುಬಿಡುತ್ತಿದ್ದ.

ಎರಡು ವರ್ಷದ ಹಿಂದೆ ಅವನ ಎಡಗಾಲಿನ ಚಪ್ಪಲಿ ತಾನಾಗಿಯೇ ಜಾರತೊಡಗಿತು. ಅಂಗಡಿಯ ಮೆಟ್ಟಿಲ ಮೇಲೆ ಎರಡು ಸಲ ಬಿದ್ದ. ಬೆನ್ನಿನ ನರ ಒತ್ತಿದೆಯೆಂದು ಮೈಸೂರಿನಲ್ಲಿ ಬೆನ್ನಿಗೆ ಆಪರೇಷನ್ ಆಯಿತು, ಬೆನ್ನುನೋವು ಹೋಯಿತು, ಕಾಲಿಗೆ ಮಾತ್ರ ಶಕ್ತಿ ಬರಲಿಲ್ಲ. ಅಂಗಡಿಗೆ ಬೀಗ ಬಿತ್ತು. ಕುರ್ಚಿಯಲ್ಲಿ ಅರ್ಧ ಗಂಟೆ ಕೂತರೆ ಸೋತುಹೋಗುತ್ತಿದ್ದ ಮಗ ಈಗ ಹಾಲಿನ ದಿವಾನದ ಮೇಲೆ ಮೂರು ದಿಂಬಿಗೆ ಒರಗಿಕೊಂಡೇ ಇರುತ್ತಿದ್ದ. ಒರಗಿಕೊಂಡವನಿಗೆ ಮೇಜಿನ ಮೇಲಿನ ಮೌಸು ಎಟಕುವುದಿಲ್ಲವಲ್ಲ. ಅದಕ್ಕೇ ಬಿಂದುಶ್ರೀ ಫೋನಿನಲ್ಲಿ ಹುಡುಕಿದ್ದಳು, ಅವಳಮ್ಮ ಶಿವರಂಜಿನಿ ಚಾಮರಾಜನಗರದ ಅಂಗಡಿಯಿಂದ ಒಂದು ಹೊಸ ಬಗೆಯ ಮೌಸು ತಂದಿದ್ದಳು. ಮೇಜು ಬೇಡ, ವೈರು ಬೇಡ. ರಿಮೋಟಿನ ಹಾಗೆ ಗಾಳಿಯಲ್ಲಿ ಹಿಡಿದು ಕೈ ಆಡಿಸಿದರೆ ಸಾಕು, ಟಿವಿಯ ಮೇಲೆ ಬಾಣದ ಗುರುತು ಕೈ ಹೋದ ಕಡೆ ಹೋಗುತ್ತಿತ್ತು. ಬಿಂದುಶ್ರೀ ತನ್ನ ಹಣೆಯ ಕೆಂಪು ಸ್ಟಿಕ್ಕರನ್ನು ಕಿತ್ತು ಅದರ ಬೆನ್ನಿಗೆ ಅಂಟಿಸಿದಳು.

ಬಸವಯ್ಯ ಹೊಲದಿಂದ ಬಂದವನು ಗುದ್ದಲಿಯನ್ನು ಮೂಲೆಗೆ ಇಡುವುದನ್ನೂ ಮರೆತು ನೋಡಿದ.

"ಏನ್ಲಾ ಇದು? ಮನಿಕಂಡೇ ಆಫೀಸಾ?"

"ಊಂ ಕಣಪ್ಪ," ಸುಧಾಕರ ನಕ್ಕ. "ಪ್ರಿಂಟಿಂಗ್ ಅಂಗಡಿ ಶಾಂತಮಲ್ಲಪ್ಪ ಫೋನ್ಗೆ ಫೋಟೋ ಕಳಿಸ್ತನ. ನಾ ಇಲ್ಲಿಂದ್ಲೇ ಡಿಸೈನ್ ಮಾಡಿ ಕಳಿಸ್ತೀನಿ. ಪ್ರಿಂಟು ಅವನ ಮಿಶನ್ನಲ್ಲಿ."

"ಕೆಲಸ ಅಂದ್ರ ಬೆವರು ಬರ್ಬೇಕು ಕಣ್ಲಾ."

ಬಸವಯ್ಯನಿಗೆ ಎಪ್ಪತ್ತೆರಡು. ಎರಡೂವರೆ ಎಕರೆಯಲ್ಲಿ ಚೆಂಡುಹೂವು, ಅರಿಸಿನ. ಊರಿನಲ್ಲಿ ನೇಗಿಲು ಇದ್ದ ಕಾಲದಲ್ಲಿ ಯಾರ ಹೊಲವಾದರೂ ಮೊದಲ ಸಾಲು ಹೊಡೆಯಲು ಇವನನ್ನೇ ಕರೆಯುತ್ತಿದ್ದರು. ಆ ಸಾಲು ಅಷ್ಟು ನೆಟ್ಟಗೆ ಹೋಗುತ್ತಿತ್ತು. ಹಾಗಾಗಿ ಮಲಗಿಕೊಂಡು ಮಾಡುವ ಕೆಲಸ ಯಾವುದನ್ನೂ ಅವನು ಕೆಲಸದ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮಗನ ಕಾಲು ಹೋದದ್ದು ಅವನಿಗೂ ಗೊತ್ತು. ಆದರೆ ಆಪರೇಷನ್ ಆದಮೇಲೂ ಎದ್ದು ಓಡಾಡದಿದ್ದದ್ದು ಮಗನ ಮೈಗಳ್ಳತನ ಎಂದು ಅವನ ಮನಸ್ಸಿನ ಒಂದು ಮೂಲೆ ಹೇಳುತ್ತಲೇ ಇತ್ತು.

ಆವತ್ತು ಮಧ್ಯಾಹ್ನ ಎಲ್ಲರೂ ಹಾಲಿನಲ್ಲೇ ಕೂತು ಮುದ್ದೆ, ಹುರುಳಿಸಾರು ಉಣ್ಣುತ್ತಿದ್ದಾಗ ಟಿವಿ ಇದ್ದಕ್ಕಿದ್ದಂತೆ ಕಪ್ಪಾಯಿತು.

"ಅಯ್ಯಯ್ಯೋ, ಕೆಡಿಸ್ಬುಟ್ರಾ?" ಶಿವಮ್ಮ ಎಂಜಲು ಕೈಯಲ್ಲೇ ಎದ್ದಳು.

"ಇಲ್ಲ ಅಜ್ಜಿ. ಐದು ನಿಮಿಷ ಯಾರೂ ಮೌಸ್ ಅಲ್ಲಾಡಿಸ್ದೇ ಇದ್ರೆ ಅದು ತಾನೇ ಮಲಗ್ಬುಡ್ತದ. ಒಸಿ ಅಲ್ಲಾಡಿಸಿದ್ರೆ ಎದ್ದೇಳ್ತದ." ಬಿಂದುಶ್ರೀ ಅಲ್ಲಾಡಿಸಿದಳು. ಟಿವಿ ಹತ್ತಿತು.

"ನಿಮ್ಮಪ್ಪನ ಥರಾನೇ ಅನ್ನಮ್ಮಿ," ಎಂದ ಬಸವಯ್ಯ. "ಇಂವನ್ನೂ ಯಾರಾದ್ರೂ ಅಲ್ಲಾಡಿಸ್ಬೇಕು."

ಎಲ್ಲರೂ ನಕ್ಕರು. ಸುಧಾಕರನೂ ನಕ್ಕ. ಶಿವರಂಜಿನಿ ಮಾತ್ರ ನಗದೆ ಮಾವನ ತಟ್ಟೆಗೆ ಸಾರು ಬಡಿಸಿ ಒಳಗೆ ಹೋದಳು.

ಟಿವಿಯ ವಿಷಯದಲ್ಲಿ ರಾಜಿಯಾಯಿತು: ಹಗಲೆಲ್ಲ ಸುಧಾಕರನಿಗೆ, ಏಳು ಹೊಡೆದ ಮೇಲೆ ಶಿವಮ್ಮನಿಗೆ. ಮೊದಲ ಒಂದೂವರೆ ತಿಂಗಳು ಚೆನ್ನಾಗಿಯೇ ನಡೆಯಿತು. ಹುಟ್ಟುಹಬ್ಬದ ಬ್ಯಾನರು, ಗೃಹಪ್ರವೇಶದ ಬ್ಯಾನರು, ಶ್ರದ್ಧಾಂಜಲಿ ಬ್ಯಾನರು. ಸತ್ತವರ ಮುಖ ಟಿವಿಯಷ್ಟು ದೊಡ್ಡದಾಗಿ ಹಾಲಿನಲ್ಲಿ ಬಂದು ಕೂತಾಗ ಶಿವಮ್ಮ ಹಾದುಹೋಗುತ್ತ, "ಇವ್ರಾ? ಹರವೆ ಕಡೇವ್ರಲ್ವಾ? ಒಳ್ಳೆ ಗರತಿ, ಪಾಪ," ಎನ್ನುತ್ತಿದ್ದಳು.

ಆಗಸ್ಟಿಗೆ ಚೆಂಡುಹೂವಿನ ಕಟಾವು ಬಂತು. ಮನೆಯ ಜಗಳವೂ ಬಂತು. ಶಿವರಂಜಿನಿ ಬೆಳಗ್ಗೆ ಐದಕ್ಕೆ ಎದ್ದು, ಆರಕ್ಕೆ ಹಾಲಿನ ಸೊಸೈಟಿಗೆ ಹೋಗಿ ಹಾಲು ಅಳೆದು, ಎಂಟಕ್ಕೆ ಬಂದು ಅಡುಗೆ ಮಾಡಿ, ಗಂಡನಿಗೆ ಸ್ನಾನ ಮಾಡಿಸಿ, ಹತ್ತಕ್ಕೆ ಹೂವು ಕೊಯ್ಯಲು ಹೊಲಕ್ಕೆ ಬರುತ್ತಿದ್ದಳು. ಆಳುಗಳು ಸಿಗುತ್ತಿರಲಿಲ್ಲ. ಒಂದು ದಿನ ಹೂವಿನ ಮೂಟೆ ಹೊತ್ತು ಬಂದ ಬಸವಯ್ಯನಿಗೆ ಕಂಡದ್ದು ದಿವಾನದ ಮೇಲೆ ಕೈ ಎತ್ತಿ ಆಡಿಸುತ್ತಿದ್ದ ಮಗ.

"ಇಲ್ಲಿ ಬೆನ್ನು ಮುರಕಂಡು ಸಾಯ್ತಾವ್ರೆ, ಇಂವ ಗಾಳೀಲಿ ಕೈ ಆಡಿಸ್ಕಂಡು ಮನಗವ್ನೆ!"

"ಅಪ್ಪ, ನಾಳೀಕೆ ಕೊಡ್ಬೇಕು ಇದ..."

"ನಿನ್ನ ವಯಸ್ನಲ್ಲಿ ನಾನು ಜ್ವರದಲ್ಲೂ ಏರು ಕಟ್ಟೀನಿ ಕಣ್ಲಾ. ಮನಸ್ ಮಾಡ್ಬೇಕು. ಒಂದ್ ಕೋಲಾದ್ರೂ ಹಿಡ್ಕಂಡು ಎದ್ದು ಓಡಾಡ್ಬೇಕು."

ಶಿವರಂಜಿನಿ ತಲೆಯ ಮೇಲಿನ ಮೂಟೆಯನ್ನು ದೊಪ್ಪೆಂದು ಇಳಿಸಿದಳು. "ಮಾವ, ನಿಮ್ಮ ಮಗ ಪುಕ್ಸಟ್ಟೆ ಉಣ್ತಿಲ್ಲ. ಬಿಂದು ಸ್ಕೂಲ್ ಪೀಸು ಕಟ್ಟಿದ್ದು ಆ ಗಾಳೀಲಿ ಆಡಿಸಿದ ಕೈಯೇ."

"ನಿನ್ನ ಏನಾದ್ರೂ ಅಂದ್ನೇನವ್ವಾ ನಾನು?"

"ನನ್ನ ಅಂದಿದ್ರೆ ಸುಮ್ನಿರ್ತಿದ್ದೆ."

ಆ ರಾತ್ರಿ ಶಿವಮ್ಮ ಮಾವ ಸೊಸೆಯ ಮಧ್ಯೆ ಸಾರಿನ ಪಾತ್ರೆ ದಾಟಿಸುತ್ತ ಒಬ್ಬಳೇ ಮಾತಾಡಿದಳು.

ಎಡವಟ್ಟಾದದ್ದು ಗಣೇಶನ ಹಬ್ಬಕ್ಕೆ ನಾಲ್ಕು ದಿನ ಇದ್ದಾಗ. ಯಾವುದೋ ಯುವಕ ಸಂಘದ ಅಧ್ಯಕ್ಷನ ಬ್ಯಾನರು. ಶಾಂತಮಲ್ಲಪ್ಪ ಅವಸರದಲ್ಲಿ ನೋಡದೆ ಪ್ರಿಂಟು ಹಾಕಿಬಿಟ್ಟಿದ್ದ. ಹತ್ತಡಿ ಎತ್ತರದ ಬ್ಯಾನರು ಕಟ್ಟಿದ ಮೇಲೆ ನೋಡಿದರೆ ಅಧ್ಯಕ್ಷರಿಗೆ ಬಲಗಿವಿಯೇ ಇಲ್ಲ! ಕೆನ್ನೆಯ ಅಂಚು ಇಲಿ ಕಚ್ಚಿದ ರೊಟ್ಟಿಯ ಹಾಗೆ ಹರಿದಿತ್ತು.

"ಸುಧಾಕರಾ, ನಿನ್ನ ಕೈಯಲ್ಲಿ ಇಂಥದ್ದು ನಾನು ನೋಡೇ ಇರಲಿಲ್ಲ ಕಣಪ್ಪ," ಫೋನಿನಲ್ಲಿ ಶಾಂತಮಲ್ಲಪ್ಪನ ದನಿ ಮನೆಗೆಲ್ಲ ಕೇಳಿತು. "ಹುಡುಗ್ರು ಅಂಗಡಿ ಮುಂದ ಬಂದು ನಿಂತವ್ರೆ."

"ಮೌಸ್ ಸರಿ ಇಲ್ಲ ಅಣ್ಣ," ಎಂದ ಸುಧಾಕರ. "ಬಾಣ ನಿಲ್ತಾನೇ ಇಲ್ಲ. ಒಂದೇ ಸಮ ನಡುಗ್ತದ."

ಅಲ್ಲಿಂದ ಮನೆಯವರೆಲ್ಲ ಸೇರಿ ಮೌಸಿನ ಬೆನ್ನು ಹತ್ತಿದರು. ಬಿಂದುಶ್ರೀ ಬ್ಯಾಟರಿ ಬದಲಿಸಿದಳು; ಬಾಣ ನಡುಗಿತು. ಫ್ಯಾನಿನ ಗಾಳಿಗೆ ಇರಬೇಕೆಂದು ಶಿವರಂಜಿನಿ ಫ್ಯಾನ್ ಆರಿಸಿದಳು. ಎಲ್ಲರೂ ಬೆವೆತರು, ಬಾಣ ನಡುಗಿತು. ಶಿವಮ್ಮನಂತೂ ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಹಿಡಿದು ಮೌಸಿಗೆ ಮೂರು ಸುತ್ತು ದೃಷ್ಟಿ ತೆಗೆದು ಒಲೆಗೆ ಹಾಕಿದಳು. "ನೋಡು, ಘಾಟೇ ಇಲ್ಲ! ಎಂಥ ದೃಷ್ಟಿ ಬಿದ್ದಿತ್ತು ನೋಡು!" ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಎಲ್ಲರೂ ಕೆಮ್ಮತೊಡಗಿದ್ದರು. ಕಣ್ಣು ಒರೆಸಿಕೊಂಡು ನೋಡಿದರೆ ಬಾಣ ಮೊದಲಿಗಿಂತ ಹೆಚ್ಚಾಗಿಯೇ ನಡುಗುತ್ತಿತ್ತು.

ಒಬ್ಬರಿಗಾದರೂ ಅದನ್ನು ತಮ್ಮ ಕೈಗೆ ತೆಗೆದುಕೊಂಡು ಅರೆಗಳಿಗೆ ಹಿಡಿದು ನೋಡೋಣ ಅನ್ನಿಸಲಿಲ್ಲ. ಅದು ಸುಧಾಕರನ ಕೆಲಸದ ಸಾಮಾನು. ಕೆಲಸಗಾರನ ಸಾಮಾನನ್ನು ಬೇರೆಯವರು ಹಿಡಿದು ಬಳಸುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಬಸವಯ್ಯನ ಕುಡುಗೋಲನ್ನೂ ಯಾರೂ ಮುಟ್ಟುತ್ತಿರಲಿಲ್ಲ.

"ತಂದ ಅಂಗಡಿ ಯಾವ್ದು?" ಬಸವಯ್ಯ ಹೆಗಲ ಮೇಲೆ ಟವೆಲು ಹಾಕಿದ. "ನಾನೇ ಓಯ್ತೀನಿ. ಕೆಟ್ಟ ಮಾಲು ಕೊಟ್ಟೋನ ಮಕ ಒಂದ್ಸಲ ನೋಡ್ಕ ಬತ್ತೀನಿ."

"ಬ್ಯಾಡ ಬುಡಪ್ಪ," ಎಂದ ಸುಧಾಕರ.

"ಯಾಕ್ ಬುಡ್ಲಿ? ನಿನ್ನ ಹೆಸರು ಕೆಡಿಸೋಕೆ ಅಂವ ಯಾರು?"

ಬಸವಯ್ಯನಿಗೆ ನಿಜಕ್ಕೂ ಒಂದು ರೀತಿಯ ಹುರುಪು ಬಂದಿತ್ತು. ಎರಡು ವರ್ಷದಿಂದ ಮಗನ ಪರವಾಗಿ ಜಗಳ ಆಡಲು ಅವನಿಗೆ ಯಾರೂ ಸಿಕ್ಕಿರಲಿಲ್ಲ. ಕಾಲಿನ ಮೇಲೆ ಜಗಳ ಆಡಲಾಗದು, ದೇವರ ಜೊತೆ ಎಷ್ಟೆಂದು ಆಡುವುದು? ಈಗ ಒಬ್ಬ ಅಂಗಡಿಯವನು ಸಿಕ್ಕಿದ್ದ. ಮೌಸನ್ನು ಅದರ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿಟ್ಟು, ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸು ಹತ್ತಿದ.

ಚಾಮರಾಜನಗರದ ಅಂಗಡಿಯ ರವಿಕುಮಾರ ಬೈಗುಳವನ್ನೆಲ್ಲ ಕೇಳಿಸಿಕೊಂಡು, "ಕೂತ್ಕೊಳ್ಳಿ ಯಜಮಾನ್ರೇ, ನೋಡಾನ," ಎಂದು ಮೌಸನ್ನು ತನ್ನ ಕಂಪ್ಯೂಟರಿಗೆ ಹೊಂದಿಸಿದ. ಕೈ ಎತ್ತಿ ಹಿಡಿದ. ಬಾಣ ಹೋಯಿತು, ಬಂತು, ಹೇಳಿದಲ್ಲಿ ನಿಂತಿತು.

"ನಡುಗ್ತಿಲ್ವಲ್ಲಾ?"

"ಮಾಯ ಮಾಡ್ತಿದ್ದೀಯ. ಮನೇಲಿ ಒಂದೇ ಸಮ ನಡುಗ್ತದ."

"ನೀವೇ ಹಿಡ್ಕೊಂಡು ನೋಡಿ."

ಬಸವಯ್ಯ ಹಿಡಿದ. ಜೀವಮಾನದಲ್ಲಿ ಮೊದಲ ಸಲ. ಬಾಣ ಅವನ ಕೈಯನ್ನು ಗುರುತು ಹಿಡಿದ ಹಾಗೆ ಮೆಲ್ಲಗೆ ಮೇಲಕ್ಕೆ ಹೋಯಿತು, ಅಡ್ಡ ಹೋಯಿತು, ಅವನು ನಿಲ್ಲಿಸಿದಾಗ ನಿಂತಿತು. ಸಾಸಿವೆಯಷ್ಟೂ ಅಲುಗಲಿಲ್ಲ.

"ಈ ವಯಸ್ನಲ್ಲೂ ಏನ್ ಕೈ ಯಜಮಾನ್ರೇ ನಿಮ್ಮದು!" ರವಿಕುಮಾರ ಮೆಚ್ಚಿಕೊಂಡ. "ಇದು ಕೈ ಹೆಂಗ್ ಆಡ್ತದೋ ಹಂಗೇ ತೋರಿಸ್ತದೆ ಅಷ್ಟೇ. ಮನೇಲಿ ಹಿಡಿಯೋರು ಯಾರು?"

ಬಸವಯ್ಯ ಎದ್ದು ನಿಂತ. ಮೌಸನ್ನು ಡಬ್ಬಿಗೆ ಹಾಕಿ ಹೊರಟುಬಿಟ್ಟ.

ವಾಪಸ್ಸಿನ ಬಸ್ಸು ತೆರಕಣಾಂಬಿ ದಾಟುವವರೆಗೂ ಅವನು ಕಿಟಕಿಯ ಕಡೆ ತಿರುಗಿಯೇ ಕೂತಿದ್ದ. ಒಂದೊಂದಾಗಿ ನೆನಪಿಗೆ ಬಂದವು. ಮಗ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದದ್ದು. ಬನಿಯನ್ನಿನ ಮೇಲೆ ಸಾರು ಚೆಲ್ಲಿದಾಗ, 'ಮಗು ಆಗ್ಬುಟ್ಟಿದ್ದೀಯಾ' ಎಂದು ತಾನು ಗದರಿದ್ದು. ಅಂಗಿಯ ಗುಂಡಿ ಹಾಕಲು ಬಿಂದುಶ್ರೀಯನ್ನು ಕರೆಯುತ್ತಿದ್ದದ್ದು. ಎಲ್ಲವನ್ನೂ ಸೋಮಾರಿತನ ಎಂದುಕೊಂಡಿದ್ದ. ಎಪ್ಪತ್ತೆರಡರ ತನ್ನ ಕೈ ಕಲ್ಲಿನ ಹಾಗೆ ನಿಲ್ಲುತ್ತದೆ, ನಲವತ್ತೆರಡರ ಮಗನ ಕೈ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಅವನಿಗೆ ತನ್ನ ಕೈಯ ಮೇಲೆಯೇ ಅಸಹ್ಯ ಹುಟ್ಟಿತು.

ಮನೆಗೆ ಬಂದಾಗ ಎಲ್ಲರೂ ಕಾಯುತ್ತಿದ್ದರು.

"ಏನಂದ?" ಶಿವಮ್ಮ ಕೇಳಿದಳು.

"ಏನಂತಾನ? ಕೆಟ್ಟೋಗಿತ್ತಂತೆ. ಎರಡು ಮಾತು ಬೈದು ಹೊಸದು ಇಸ್ಕ ಬಂದೆ," ಎಂದು ಬಸವಯ್ಯ ಡಬ್ಬಿಯನ್ನು ದಿವಾನದ ಮೇಲೆ ಇಟ್ಟ.

ಸುಧಾಕರ ಮೌಸನ್ನು ಹೊರತೆಗೆದು ತಿರುಗಿಸಿದ. ಬೆನ್ನ ಮೇಲೆ ಬಿಂದುಶ್ರೀಯ ಕೆಂಪು ಸ್ಟಿಕ್ಕರು ಹಾಗೆಯೇ ಇತ್ತು. ಅಪ್ಪನ ಮುಖ ನೋಡಿದ. ಅಪ್ಪ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

"ಹೊಸದು ಚೆನ್ನಾಗದ ಕಣಪ್ಪ," ಎಂದ ಸುಧಾಕರ, ಸ್ಟಿಕ್ಕರಿನ ಮೇಲೆ ಹೆಬ್ಬೆರಳು ಮುಚ್ಚಿ.

ಮರುದಿನ ಹೆಂಗಸರು ಹೂವಿಗೆ ಹೋದಮೇಲೆ ಅವನೇ ಕರೆದ. "ಅಪ್ಪ, ಬಾ ಇಲ್ಲಿ. ನೀನೇ ಒಸಿ ಹಿಡ್ಕ. ನಾ ಯೋಳ್ತೀನಿ."

"ನಂಗ ಅದೆಲ್ಲ ಗೊತ್ತಾಗದಾ?"

"ಸಾಲು ಹೊಡ್ದಂಗೇ. ಅಂಚು ಬುಡದಂಗ ಹೋಗ್ಬೇಕು ಅಷ್ಟೇ."

ಹೀಗೆ ಶುರುವಾಯಿತು. ಬಸವಯ್ಯ ದಿವಾನದ ತುದಿಯಲ್ಲಿ ಕೂತು ಮೌಸು ಹಿಡಿದರೆ ಸುಧಾಕರ ದಿಂಬಿಗೆ ಒರಗಿ ಹೇಳುತ್ತಿದ್ದ: "ಮ್ಯಾಕ್ಕ... ಒಸಿ ಎಡಕ್ಕ... ನಿಲ್ಸು. ಒತ್ತು. ಈಗ ಕಿವಿ ಸುತ್ತ ಬಾ, ಮೆತ್ತಗ... ಅಷ್ಟೇ." ಮೊದಲ ಮುಖ ಬಿಡಿಸಲು ಒಂದು ಹಗಲೇ ಹಿಡಿಯಿತು. ವಾರ ಕಳೆಯುವಷ್ಟರಲ್ಲಿ ಎರಡು ಗಂಟೆಗೆ ಇಳಿಯಿತು. "ಕೈ ವಾಪಸ್ ಬಂತಲ್ಲಪ್ಪ ಸುಧಾಕರಾ!" ಎಂದು ಶಾಂತಮಲ್ಲಪ್ಪ ಫೋನು ಮಾಡಿದ ದಿನ ಅಪ್ಪ ಮಗ ಇಬ್ಬರೂ ಕಳ್ಳರ ಹಾಗೆ ನಕ್ಕರು.

ಅಂಥ ಒಂದು ಮಧ್ಯಾಹ್ನ ಬಸವಯ್ಯ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದ, "ನಾನು ಅಂದದ್ದ ಮನಸ್ಗ ಆಕಬ್ಯಾಡ ಕಣ್ಲಾ."

"ಯಾವ್ದಪ್ಪ?"

"ಎಲ್ಲಾದ್ನೂ."

"ಕೆಳಕ್ಕ ಬಾ. ಗದ್ದದ ಹತ್ರ ನಿಲ್ಸು," ಎಂದ ಸುಧಾಕರ. ಅವನ ಕಣ್ಣು ತುಂಬಿತ್ತು. ಬಸವಯ್ಯನದೂ ತುಂಬಿ ಬಾಣ ಎರಡೆರಡಾಗಿ ಕಾಣುತ್ತಿತ್ತು.

ಹೆಂಗಸರಿಂದ ಕೈಯ ನಡುಕವನ್ನು ಹೆಚ್ಚು ದಿನ ಮುಚ್ಚಿಡಲಾಗಲಿಲ್ಲ. ಮಹಾಲಯ ಅಮಾವಾಸ್ಯೆಗೆ ಮುಂಚೆ ಶಿವರಂಜಿನಿ ಗಂಡನನ್ನು ಕಾರು ಮಾಡಿಕೊಂಡು ಮೈಸೂರಿನ ನರದ ಡಾಕ್ಟರ ಹತ್ತಿರ ಕರೆದೊಯ್ದಳು. ಸಂಜೆ ಬಂದವಳು ಸೀರೆಯನ್ನೂ ಬದಲಿಸದೆ ಒಲೆಯ ಮುಂದೆ ಕೂತು ರಾಗಿಹಿಟ್ಟು ತಿರುವತೊಡಗಿದಳು.

"ಏನಂದ್ರು ಯೋಳವ್ವ," ಎಂದ ಬಸವಯ್ಯ.

"ನರ ಒಣಗೋ ಕಾಯ್ಲೆ ಅಂತೆ ಮಾವ. ಕಾಲಿಂದ್ಲೇ ಶುರುವಾಗಿತ್ತಂತೆ. ಕೈ ಆಯ್ತು, ಆಮೇಲೆ ಮಾತು ಹೋಯ್ತದಂತೆ, ಆಮೇಲೆ ನುಂಗೋದು." ಅವಳ ಕೋಲು ನಿಲ್ಲಲಿಲ್ಲ. "ಒಂದು ಮಾತ್ರೆ ಬರ್ಕೊಟ್ಟವ್ರೆ. ವಾಸಿ ಮಾಡಕ್ಕಲ್ಲ, ಒಸಿ ನಿಧಾನ ಮಾಡಕ್ಕೆ."

"ಬಾಯಿಗ ಬಂದಂಗ ಯೋಳ್ತಾರೆ ಅವ್ರು!" ಶಿವಮ್ಮ ಕಿರುಚಿದಳು. "ನೀ ಯಾಕ ಅಲ್ಲಿಗ ಕರ್ಕಂಡ್ ಓದೆ? ಮಾದಪ್ಪನ ಬೆಟ್ಟಕ್ಕ ಕರ್ಕಂಡ್ ಓಗು ಅಂದ್ರ ಕೇಳ್ಲಿಲ್ಲ!"

"ಹೋಗನ ಅತ್ತೆ, ಅಲ್ಗೂ ಹೋಗನ. ಹೊತ್ಕೊಂಡು ಹತ್ತೋರ್ಯಾರು ಯೋಳಿ. ನಿಮ್ಮ ಬೆನ್ನಾ, ನನ್ನ ಬೆನ್ನಾ?"

"ನಿಂಗೆ ನಂಬಿಕೆ ಇಲ್ಲ. ಅದಕ್ಕೇ ಇಂಗಾಯ್ತದ."

"ನಂಬಿಕೆ ಇಲ್ದಿದ್ರೆ ನಾಳೆ ಬೆಳಗ್ಗೆ ಏಳಕ್ಕೆ ನಂಗೆ ಏನಿದೆ ಅತ್ತೆ?" ಎಂದಳು ಶಿವರಂಜಿನಿ. ಮುದ್ದೆ ಕಟ್ಟಿದ್ದಾಯಿತು, ತಟ್ಟೆಗಳಿಗೆ ಹಾಕಿದ್ದಾಯಿತು, ಎಲ್ಲರೂ ಅರ್ಧರ್ಧ ಬಿಟ್ಟು ಎದ್ದರು. ಅವತ್ತಿನಿಂದ ಏಳು ಗಂಟೆಗೆ ಶಿವಮ್ಮ ಧಾರಾವಾಹಿ ಕೇಳಲಿಲ್ಲ.

ಆಯುಧಪೂಜೆಯ ದಿನ ಬಸವಯ್ಯ ಅಟ್ಟದಿಂದ ಹಳೆಯ ನೇಗಿಲಿನ ಗುಳ ಇಳಿಸಿ ತೊಳೆದ. ಕುಡುಗೋಲು, ಗುದ್ದಲಿ, ಶಿವಮ್ಮನ ಈಳಿಗೆಮಣೆ, ಬಿಂದುಶ್ರೀಯ ಜಾಮಿಟ್ರಿ ಡಬ್ಬಿ, ಎಲ್ಲವನ್ನೂ ಸಾಲಾಗಿ ಇಟ್ಟ. ಕೊನೆಗೆ ಮೌಸನ್ನು ತಂದು ಗುಳದ ಪಕ್ಕದಲ್ಲೇ ಇಟ್ಟು, ವಿಭೂತಿ ಬಳಿದು, ತನ್ನ ಹೊಲದ ಚೆಂಡುಹೂವನ್ನು ಅದರ ಮೇಲೆ ಇರಿಸಿದ.

"ತಾತ, ಬಟನ್ ಒಳಗೆ ವಿಭೂತಿ ಹೋಯ್ತದ!" ಬಿಂದುಶ್ರೀ ಹೇಳಿದಳು.

"ಓದ್ರ ಓಗ್ಲಿ ಬುಡಮ್ಮಿ. ಇದು ನಿಮ್ಮಪ್ಪನ ನೇಗ್ಲು."

ಸುಧಾಕರ ದಿವಾನದಿಂದಲೇ ಏನೋ ಹೇಳಿದ. ನಾಲಿಗೆ ದಪ್ಪವಾಗಿ, ಮಾತು ಬಾಯಿಯಲ್ಲೇ ಮುದ್ದೆಯಾಗಿ ಹೊರಬಂತು. ಯಾರಿಗೂ ತಿಳಿಯಲಿಲ್ಲ. ಎಲ್ಲರೂ ತಿಳಿದವರ ಹಾಗೆ ನಕ್ಕರು. ಅವನು ಇನ್ನೊಮ್ಮೆ ಹೇಳಲಿಲ್ಲ.

ಆಮೇಲಿನದು ಅಡುಗೆಮನೆಯಿಂದಲೇ ಗೊತ್ತಾಗುತ್ತಾ ಹೋಯಿತು. ದೀಪಾವಳಿಗೆ ಮೊದಲೇ ಸುಧಾಕರನಿಗೆ ಮುದ್ದೆ ನುಂಗಲಾಗದೆ ಶಿವರಂಜಿನಿ ಅನ್ನವನ್ನು ಸಾರಿನಲ್ಲಿ ಕಿವುಚಿ ಕೊಟ್ಟಳು. ಹಬ್ಬದ ದಿನ ಒಬ್ಬಟ್ಟನ್ನು ಹಾಲಿನಲ್ಲಿ ಕದಡಿ ಕೊಟ್ಟರು. ಎರಡನೇ ಚಮಚಕ್ಕೆ ನೆತ್ತಿಗೇರಿ ಕಣ್ಣು ಮೇಲಾಯಿತು. ಅದಾದ ಮೇಲೆ ಅಂಬಲಿ. ಒಂದು ಲೋಟ ಅಂಬಲಿ ಕುಡಿಸಲು ಮುಕ್ಕಾಲು ಗಂಟೆ. ಕುಡಿಸುವವರು ಸರದಿಯ ಮೇಲೆ ಹೊಲಕ್ಕೂ ಡೇರಿಗೂ ಶಾಲೆಗೂ ಹೋಗಿಬಂದರು. ಕೈಗಳು ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿದ್ದವು. ನಡುಕ ನಿಂತಿತ್ತು. ಅದು ಒಳ್ಳೆಯ ಗುರುತೆಂದು ಶಿವಮ್ಮ ಮಾದಪ್ಪನಿಗೆ ತುಪ್ಪದ ದೀಪ ಹಚ್ಚಿದಳು. ನಿಂತದ್ದು ಯಾಕೆಂದು ಅವಳಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆದರೂ ಬಸವಯ್ಯ ಕೆಲಸ ಬಿಡಲಿಲ್ಲ. ಮಾತು ಹೋದಮೇಲೆ ಕಣ್ಣಿನ ಏರ್ಪಾಡು ಮಾಡಿಕೊಂಡ. "ಮ್ಯಾಕ್ಕಾ?" ಎಂದು ಕೇಳುವುದು; ಹೌದಾದರೆ ಮಗ ಒಂದು ಸಲ ರೆಪ್ಪೆ ಮುಚ್ಚಿ ತೆಗೆಯುವುದು. ಶಾಂತಮಲ್ಲಪ್ಪನಿಗೆ ಎಲ್ಲ ತಿಳಿದಿತ್ತು. ಆದರೂ ಒಳ್ಳೆಯ ಮನುಷ್ಯ, ಅವಸರವಿಲ್ಲದ ಸಣ್ಣ ಕೆಲಸ ಒಂದೊಂದು ಕಳಿಸುತ್ತಿದ್ದ.

"ಮಾವ, ಸಾಕು ಬುಡಿ. ಅವ್ರಿಗೆ ಸುಸ್ತಾಯ್ತದ," ಎಂದಳು ಒಂದು ದಿನ ಶಿವರಂಜಿನಿ.

"ಕೆಲಸ ನಿಲ್ಸುದ್ರ ಅಂವ ಏನಕ್ಕ ಎದ್ದೇಳ್ಬೇಕವ್ವಾ?"

"ಅವ್ರು ಏಳೋದಿಲ್ಲ ಮಾವ."

ಬಸವಯ್ಯ ಅವಳನ್ನು ಗದರಲಿಲ್ಲ. ಗದರುವ ಮಾತಾಗಿದ್ದರೆ ಗದರುತ್ತಿದ್ದ.

ಕಾರ್ತಿಕದ ಕೊನೆಯ ವಾರ ಬಂದದ್ದು ಒಂದು ನಾಮಕರಣದ ಬ್ಯಾನರು. ಮೂರು ತಿಂಗಳ ಕೂಸು. ಸಂಜೆ ನಾಲ್ಕರ ಹೊತ್ತು. ಶಿವಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಟಿವಿಯ ತುಂಬ ಕೂಸಿನ ನಗು. ಬಸವಯ್ಯ ಹಣೆಯಿಂದ ಶುರುಮಾಡಿ, ಎಳೆಗೂದಲಿನ ಅಂಚಿನಲ್ಲಿ ಇಳಿದು, ಕಿವಿಯ ತುದಿಯವರೆಗೆ ಬಂದು ನಿಲ್ಲಿಸಿದ. ಇಲ್ಲಿಂದ ಕೂದಲು ಎಲ್ಲಿ ಮುಗಿಯಿತು, ಹಾಸಿದ ಬಟ್ಟೆ ಎಲ್ಲಿ ಶುರುವಾಯಿತು ಎಂಬುದು ಅವನಿಗೆ ಕಾಣಲಿಲ್ಲ. ಅದು ಕಾಣುವುದು ಮಗನ ಕಣ್ಣಿಗೆ.

"ಒಳಗಿಂದ ಹೋಗ್ಲಾ, ಆಚೆಯಿಂದ್ಲಾ? ಒಳಗಿಂದ ಅಂದ್ರ ಕಣ್ಣು ಮುಚ್ಚು."

ಸುಧಾಕರ ಕಣ್ಣು ಮುಚ್ಚಿದ. ತೆಗೆಯಲಿಲ್ಲ.

"ಸುಧಾಕರಾ?"

ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಮುಚ್ಚಿದ ರೆಪ್ಪೆಯ ಸಂದಿಯಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಮಗ ಮಲಗಿರಲಿಲ್ಲ. ಎಚ್ಚರವಾಗಿಯೇ ಇದ್ದು, ಇನ್ನು ಸಾಕು ಎನ್ನುತ್ತಿದ್ದ.

"ಸುಸ್ತಾಯ್ತಾ? ಆಗ್ಲಿ, ತಗಿ, ನಿಧಾನಕ್ಕ ತಗಿ. ನಾನು ಇಲ್ಲೇ ಹಿಡ್ಕಂಡಿರ್ತೀನಿ."

ಬಸವಯ್ಯ ಹಿಡಿದುಕೊಂಡೇ ಕೂತ. ಬಾಣ ಕೂಸಿನ ಕಿವಿಯ ತುದಿಯಲ್ಲಿ ನಿಂತಿತ್ತು. ಅವನ ಕೈ ಒಂದಿಷ್ಟೂ ಅಲುಗಲಿಲ್ಲ. ಅಲುಗಿದರೆ ಇಲ್ಲಿಯವರೆಗೆ ಎಳೆದ ಗೆರೆ ಕೆಟ್ಟೀತೆಂದು ಉಸಿರನ್ನೂ ಸಣ್ಣಗೆ ಬಿಡುತ್ತಿದ್ದ. ಹಿತ್ತಲಿನ ಪಾತ್ರೆಯ ಸದ್ದು ನಿಂತಿತು. ಐದು ನಿಮಿಷ ಆಗಿರಬೇಕು. ಯಾರೂ ಅಲ್ಲಾಡಿಸುತ್ತಿಲ್ಲವೆಂದುಕೊಂಡು ಟಿವಿ ತಾನಾಗಿ ಕಪ್ಪಾಯಿತು.

ಮಗನ ಕೈಯಲ್ಲಿದ್ದಾಗ ಒಂದು ದಿನವೂ ಅದು ಹೀಗೆ ಆರಿರಲಿಲ್ಲ. ಆ ಹಾಳು ನಡುಕ ಅದಕ್ಕೆ ಆರಲು ಬಿಡುತ್ತಿರಲಿಲ್ಲ.

ಒಂದು ಸಲ ಕೈ ಆಡಿಸಿದ್ದರೆ ಹತ್ತುತ್ತಿತ್ತು. ಬಸವಯ್ಯ ಆಡಿಸಲಿಲ್ಲ. ಮೌಸಿನ ಸ್ವಿಚ್ಚು ಆರಿಸಿ, ಮಗನ ಬಲಗೈಯನ್ನು ತೊಡೆಯ ಮೇಲಿಂದ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯೊಳಗೆ ಮೌಸನ್ನು ಇಟ್ಟು, ಬೆರಳುಗಳನ್ನು ಮತ್ತೆ ಒಂದೊಂದಾಗಿ ಮಡಿಸಿದ. ಸ್ವಿಚ್ಚು ಹಾಕಿ ತನ್ನ ಕೈ ತೆಗೆದ.

"ನಡುಗ್ಸು ಕಣಪ್ಪ," ಎಂದ. "ಒಂದ್ಸಲ ನಡುಗ್ಸು."

ಶಿವಮ್ಮ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದು, "ಯಾಕ ಟಿವಿ ಕಪ್ಪಾಗದ, ಕರೆಂಟು ಓಯ್ತಾ?" ಎಂದು ಕೇಳಿದಳು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಬಸವಯ್ಯ ಟಿವಿಯನ್ನೇ ನೋಡುತ್ತ ಕೂತಿದ್ದ. ಅದು ಹತ್ತಲಿಲ್ಲ.